ಒಂದು ಬಾಯಿ ಕಮ್ಮಿ

ಜೂನ್ 3

ಸೊಸೆಗೆ,

ಬಂದು ತಲುಪಿದೆ. ನನ್ನ ತಂಗಿಯ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದಾರೆ, ಬಾಯಿಗೆ ಮಾತ್ರ ಹಾಕಿಲ್ಲ. ಮೆಟ್ಟಿಲಿನಿಂದ ಉರುಳಿದವಳು ಈಗ ಇಡೀ ಕಟ್ಟಡಕ್ಕೆ ಮೆಟ್ಟಿಲು ಇಳಿಯುವುದು ಹೇಗೆ ಅಂತ ಪಾಠ ಹೇಳುತ್ತಿದ್ದಾಳೆ. ಮೂರು ತಿಂಗಳಾದರೂ ನಾನು ಇಲ್ಲಿರಬೇಕಂತೆ.

ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಅರ್ಧ ಕೇಳಿಸುತ್ತದೆ, ಇನ್ನರ್ಧ ನಾನೇ ತುಂಬಿಕೊಳ್ಳುತ್ತೇನೆ, ಆಮೇಲೆ ಜಗಳ. ಏನಿದ್ದರೂ ಬರೆದು ಹಾಕು.

ಎಂಟು ವರ್ಷದಲ್ಲಿ ನಿನ್ನನ್ನು ತರಕಾರಿ ಹೆಚ್ಚಲು ಬಿಟ್ಟೆನೇ ಹೊರತು ಒಲೆ ಮುಂದೆ ನಿಲ್ಲಲು ಬಿಡಲಿಲ್ಲ. ಈಗ ಬೇರೆ ದಾರಿಯಿಲ್ಲ, ಕೇಳು. ಅಕ್ಕಿ ಡಬ್ಬಿಯೊಳಗೆ ನೆಗ್ಗಿದ ಸ್ಟೀಲ್ ಲೋಟ ಇದೆ, ಅದೇ ಅಳತೆ. ರಾತ್ರಿಗೆ ಮೂರು ಲೋಟ ಅಕ್ಕಿ, ಒಂದು ಲೋಟ ಬೇಳೆ. ಬೆಳಿಗ್ಗೆ ಎಲ್ಲರ ಊಟದ ಡಬ್ಬಿಗೂ ಅಷ್ಟೇ. ತರಕಾರಿಯನ್ನು ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ ತಾ; ಗಾಡಿ ಖಾಲಿ ಮಾಡುವ ಅವಸರದಲ್ಲಿ ಅರ್ಧ ಬೆಲೆಗೆ ಕೊಡುತ್ತಾರೆ. ಎಲೆಕೋಸಿನ ಹೊರಗಿನ ಎಲೆ ಬಿಸಾಡಬೇಡ, ಸಣ್ಣಗೆ ಹೆಚ್ಚಿ ಬೇಳೆಗೆ ಹಾಕು. ನಿನ್ನ ಮಾವನ ಹಲ್ಲಿಗೆ ಕಾಳು ಮೆತ್ತಗೆ ಬೇಯಬೇಕು, ಹಿಂದಿನ ರಾತ್ರಿಯೇ ನೆನೆಸು.

ಮುಖ್ಯವಾದ ಮಾತು: ನಾನಿಲ್ಲ ಅಂತ ಅಳತೆ ಕಮ್ಮಿ ಮಾಡಬೇಡ. ಹೆಚ್ಚೂ ಮಾಡಬೇಡ. ಇದ್ದಷ್ಟೇ ಇರಲಿ.

ನಿನ್ನ ಅತ್ತೆ


ಜೂನ್ 11

ಅತ್ತೆಗೆ ನಮಸ್ಕಾರ.

ನಿಮ್ಮ ಅಡಿಗೆಮನೆ ನನ್ನ ಕೈಗೆ ಬಂದು ವಾರ ಕಳೆಯಿತು. ಗೋಡೆಗಳು ಇನ್ನೂ ನಿಂತಿವೆ. ಮೊದಲ ದಿನ ಬೇಳೆ ತಳ ಹಿಡಿಯಿತು, ಎರಡನೇ ದಿನ ಅನ್ನ. ಮೂರನೇ ದಿನ ಎರಡೂ ಚೆನ್ನಾಗಿದ್ದವು, ಉಪ್ಪು ಹಾಕಿರಲಿಲ್ಲ ಅಷ್ಟೇ. ಮಾವ ಒಂದು ಮಾತನ್ನೂ ಆಡದೆ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ನಡುವೆ ಇಟ್ಟುಕೊಂಡು ಕೂತರು. ಗುಂಡ ಮಾತ್ರ, "ಅಜ್ಜಿ ಯಾವಾಗ ಬರ್ತಾರೆ?" ಅಂತ ಪ್ರತಿ ತುತ್ತಿಗೂ ಕೇಳಿದ. ಅವನಿಗೆ ಆರು ವರ್ಷ, ಕ್ಷಮಿಸಿದ್ದೇನೆ.

ನೀವು ಹೇಳಿದ ಅಳತೆಯನ್ನು ಒಂದು ಕಾಳು ಆಚೀಚೆ ಮಾಡಿಲ್ಲ. ಔಷಧಿ ಕಾರ್ಖಾನೆಯಲ್ಲಿ ಬಾಟಲಿ ತುಂಬಿಸುವವಳು ನಾನು. ಹಾಳೆಯಲ್ಲಿ ಬರೆದಷ್ಟನ್ನೇ ತುಂಬಿಸುವುದು ನನಗೆ ಬರುವ ಒಂದೇ ವಿದ್ಯೆ.

ಒಂದು ಸಂತೋಷದ ಸಂಗತಿ ಲೆಕ್ಕ ಹಾಕಿದ್ದೇನೆ. ನಾವು ಆರು ಜನ: ಮಾವ, ನೀವು, ನಿಮ್ಮ ಮಗ, ನಾನು, ದೊಡ್ಡವಳು, ಗುಂಡ. ಈಗ ಒಂದು ಬಾಯಿ ಕಮ್ಮಿ. ಅಳತೆ ಅದೇ. ಹಾಗಾದರೆ ದಿನಾ ಒಬ್ಬರ ಪಾಲು ಮಿಗಲೇಬೇಕು. ಮಿಕ್ಕಿದ್ದನ್ನು ಮರುದಿನಕ್ಕೆ ಸೇರಿಸಿಕೊಂಡರೆ ತಿಂಗಳ ಕೊನೆಗೆ ಅಕ್ಕಿ ಚೀಲದಲ್ಲಿ ಆರರಲ್ಲೊಂದು ಭಾಗ ಉಳಿಯುತ್ತದೆ. ನಿಮಗೆ ಗೊತ್ತೇ ಇದೆ, ಲಿಫ್ಟ್ ರಿಪೇರಿ ಕಂಪನಿಯವರು ನಿಮ್ಮ ಮಗನಿಗೆ ವಾರಕ್ಕೆ ನಾಲ್ಕೇ ದಿನ ಕೆಲಸ ಕೊಡುತ್ತಿದ್ದಾರೆ, ಸಂಬಳವೂ ಆ ನಾಲ್ಕು ದಿನಕ್ಕೆ ಮಾತ್ರ. ಗುಂಡನ ಶೂ ಹೆಬ್ಬೆರಳಿನ ಹತ್ತಿರ ಬಾಯಿ ಬಿಟ್ಟಿದೆ. ಉಳಿದ ದುಡ್ಡಲ್ಲಿ ಶೂ ಬರುತ್ತದೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಇಷ್ಟು ಹೊಗೆಯಾಡುತ್ತಾ ಬರುತ್ತದೆ ಅಂದುಕೊಂಡಿರಲಿಲ್ಲ.

ನಿಮ್ಮ ಸೊಸೆ


ಜೂನ್ 19

ಸೊಸೆಗೆ,

ತಳ ಹಿಡಿದ ಪಾತ್ರೆಯನ್ನು ಕೆರೆಯಬೇಡ, ಬಿಸಿನೀರು ಹಾಕಿ ಬಿಡು. ಉಪ್ಪಿನ ವಿಷಯದಲ್ಲಿ ನಿನ್ನ ಮಾವ ಮಾತಾಡದೆ ಇದ್ದದ್ದು ದೊಡ್ಡ ಗೌರವ. ನನ್ನ ಹೊಸದರಲ್ಲಿ ಮೂರು ದಿನ ಮಾತಾಡಿದ್ದರು.

ಶೂ ಲೆಕ್ಕ ಓದಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ. ಬೇಸಿಗೆ ಕಳೆದ ಮೇಲೆ ಮಕ್ಕಳಿಗೆ ಹಸಿವು ಜಾಸ್ತಿ. ಉಳಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ಇಲ್ಲಿ ನನ್ನ ತಂಗಿಯದು ವಿಚಿತ್ರ ಹಟ. ಒಬ್ಬಳೇ ಇದ್ದು ಹೊಲಿಗೆ ಮಷಿನ್ ಜೊತೆ ಮಾತಾಡಿ ಅಭ್ಯಾಸ ಅವಳಿಗೆ, ಈಗ ನಾನು ಸಿಕ್ಕಿದ್ದೇನೆ. ತಟ್ಟೆ ಎರಡೂ ಒಟ್ಟಿಗೆ ಇಡಬೇಕು, ಒಟ್ಟಿಗೇ ಕೂರಬೇಕು. "ನೀನು ಉಣ್ಣು, ನಾನು ಆಮೇಲೆ ನೋಡ್ಕೋತೀನಿ" ಅಂದರೆ, "ಏನು ನೋಡ್ಕೋತೀಯ? ಊಟ ಏನು ಸಿನಿಮಾನಾ?" ಅಂತಾಳೆ. ನನ್ನ ತಟ್ಟೆಗೆ ನಾನು ಬಡಿಸಿಕೊಂಡರೆ ಇಣುಕಿ ನೋಡಿ, "ಇದು ಬೆಕ್ಕಿಗಾ?" ಅಂತ ಕೇಳುತ್ತಾಳೆ. ಮುರಿದ ಕಾಲಿನವಳ ಜೊತೆ ಏನು ವಾದ ಅಂತ ಸುಮ್ಮನಿದ್ದೇನೆ.

ಅಳತೆ ಅಷ್ಟೇ ಇರಲಿ.

ನಿನ್ನ ಅತ್ತೆ


ಜೂನ್ 30

ಅತ್ತೆ,

ನಮಸ್ಕಾರ ಬರೆಯಲೂ ನಾಚಿಕೆ. ಅಕ್ಕಿ ಖಾಲಿ. ಪ್ರತಿ ತಿಂಗಳು ನಿಮ್ಮ ಕೈಯಲ್ಲಿ ಯಾವಾಗ ಖಾಲಿಯಾಗುತ್ತಿತ್ತೋ ಸರಿಯಾಗಿ ಆಗಲೇ. ಬೇಳೆಯೂ ಹಾಗೇ. ಒಂದು ಬಾಯಿ ಕಮ್ಮಿಯಾದರೂ ಒಂದು ಹಿಡಿ ಉಳಿಯಲಿಲ್ಲ. ಮಿಗಬೇಕಾದ ಒಬ್ಬರ ಪಾಲು ಒಂದು ರಾತ್ರಿಯೂ ಮಿಗಲಿಲ್ಲ. ಐದು ತಟ್ಟೆಗೆ ಬಡಿಸಿದರೆ ಪಾತ್ರೆ ಖಾಲಿ.

ಮೊದಲು ಅಂಗಡಿಯವನ ಮೇಲೆ ಅನುಮಾನ ಬಂತು. ಹೊಸ ಚೀಲವನ್ನು ಕಾರ್ಖಾನೆಗೆ ಒಯ್ದು ತೂಗಿಸಿದೆ, ಸರಿಯಾಗೇ ಇತ್ತು. ಆಮೇಲೆ ಇಲಿ ಇರಬಹುದು ಅಂತ ಬೋನಿಟ್ಟೆ. ನಿಮ್ಮ ಮಗನ ಕಾಲ್ಬೆರಳು ಸಿಕ್ಕಿತು. ಆಮೇಲೆ, "ಕದ್ದು ತಿನ್ನೋರು ಯಾರಪ್ಪಾ ಮನೇಲಿ?" ಅಂತ ಸುಮ್ಮನೆ ಗಾಳಿಗೆ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗುಂಡ ಬಾಯಿ ಒರೆಸಿಕೊಂಡ. ವಿಚಾರಿಸಿದರೆ ಅದು ಸಕ್ಕರೆ, ಅಕ್ಕಿಯಲ್ಲ.

ಎಲ್ಲರನ್ನೂ ಬಿಟ್ಟ ಮೇಲೆ ಉಳಿದವಳು ನಾನೇ. ಅದೇ ಲೋಟ, ಅದೇ ಮನೆ, ಅದೇ ಅಂಗಡಿ. ನೀವು ಆರು ಜನರಿಗೆ ಸಾಕು ಮಾಡುತ್ತಿದ್ದದ್ದು ನನ್ನ ಕೈಯಲ್ಲಿ ಐದು ಜನಕ್ಕೆ ಮುಗಿದುಹೋಗುತ್ತದೆ. ಎಲ್ಲಿ ಚೆಲ್ಲುತ್ತಿದ್ದೇನೆ ಅಂತ ನನಗೇ ಗೊತ್ತಾಗುತ್ತಿಲ್ಲ. ಶೂಗೆ ನಿಮ್ಮ ಮಗ ಅಂಟು ಹಾಕಿ ತಂತಿ ಬಿಗಿದಿದ್ದಾರೆ. ಲಿಫ್ಟ್ ರಿಪೇರಿಯವರ ಕೆಲಸ, ಗಟ್ಟಿಯಾಗಿದೆ, ನೋಡಲು ಮಾತ್ರ ಭಯವಾಗುತ್ತದೆ.

ಅತ್ತೆ, ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ಮೂರು ಲೋಟವೇ ತಾನೆ? ನೀವು ಮರೆತಿಲ್ಲ ತಾನೆ?

ನಿಮ್ಮ ಸೊಸೆ


ಜುಲೈ 8

ಸೊಸೆಗೆ,

ನಾನು ಮರೆಯುವವಳಲ್ಲ. ಮೂರೇ ಲೋಟ. ನಿನ್ನ ಕೈ ಸ್ವಲ್ಪ ದೊಡ್ಡದಿರಬೇಕು, ಬಡಿಸುವಾಗ ಸೌಟು ತುಂಬಿ ಹಾಕುತ್ತೀಯೇನೋ. ಹೊಸಬರಿಗೆ ಹಾಗೇ ಆಗುತ್ತದೆ. ಅದನ್ನೇ ತಲೆಗೆ ಹಚ್ಚಿಕೊಂಡು ಇಲಿ ಹಿಡಿಯುತ್ತಾ ಕೂರಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಆಯಿತು.

ಇನ್ನೊಂದು ವಿಷಯ. ತಂಗಿ ನನ್ನನ್ನು ಇಲ್ಲೇ ಇದ್ದುಬಿಡು ಅನ್ನುತ್ತಿದ್ದಾಳೆ. ಪ್ಲಾಸ್ಟರ್ ಬಿಚ್ಚಿದ ಮೇಲೂ. ಅವಳಿಗೆ ಹೊಲಿಗೆ ಕೆಲಸ ಸಾಕಷ್ಟಿದೆ, ಗುಂಡಿ ಹಾಕುವುದಕ್ಕೆ, ಅಂಚು ಮಡಿಸುವುದಕ್ಕೆ ಒಂದು ಜೊತೆ ಕೈ ಬೇಕು. ನಾನು ಇನ್ನೂ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ನನ್ನ ಮಗನ ಸಂಬಳ ಮೊದಲಿನಂತಾಗುವವರೆಗೆ ಅಲ್ಲಿ ಒಂದು ಬಾಯಿ ಕಮ್ಮಿ ಇದ್ದರೆ ನಿಮಗೆ ಅನುಕೂಲವೇ ಅಲ್ಲವೇ? ಮನೆಯಲ್ಲಿ ಯಾರಿಗೂ ಹೇಳಬೇಡ. ಮೊದಲು ನಿನಗೆ ಹೇಳಬೇಕು ಅನ್ನಿಸಿತು.

ದೊಡ್ಡವಳ ಜಡೆ ಬಿಗಿಯಾಗಿ ಹಾಕು, ಸಡಿಲ ಬಿಟ್ಟರೆ ಸಂಜೆಗೆ ಗೂಡು ಕಟ್ಟುತ್ತದೆ.

ಅತ್ತೆ


ಜುಲೈ 27

ಪ್ರೀತಿಯ ಅತ್ತೆಗೆ,

ತಡವಾಗಿ ಬರೆಯುತ್ತಿದ್ದೇನೆ, ಆದರೆ ಒಳ್ಳೆಯ ಸುದ್ದಿ ಕೂಡಿಹಾಕಿಕೊಂಡು ಬರೆಯೋಣ ಅಂತಲೇ ಕಾದೆ. ಈ ತಿಂಗಳು ಅಕ್ಕಿ ಉಳಿಯಿತು! ಡಬ್ಬಿಯ ಕಾಲು ಭಾಗ ಹಾಗೇ ಇದೆ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಸುಳ್ಳಲ್ಲ. ದಿನಸಿಯ ದುಡ್ಡಿನಲ್ಲಿ ಉಳಿದದ್ದಕ್ಕೆ ಸ್ವಲ್ಪ ಸೇರಿಸಿ ಗುಂಡನಿಗೆ ಶೂ ತಂದೆವು. ಹಾಕಿಕೊಂಡೇ ಮಲಗಿದ್ದಾನೆ.

ಹೇಗೆ ಅಂತ ಕೇಳಬೇಡಿ. ಸ್ವಲ್ಪ ಜಾಣತನ ಅಂದುಕೊಳ್ಳಿ. ರಾತ್ರಿಗೆ ಎರಡೂವರೆ ಲೋಟವೇ ಹಾಕುತ್ತಿದ್ದೇನೆ, ಆದರೂ ಯಾರೂ ಇನ್ನಷ್ಟು ಬೇಕು ಅಂತ ಕೇಳಿಲ್ಲ. ನಾನು ಈಗ ಎಲ್ಲರದ್ದೂ ಆದ ಮೇಲೆ ನಿಧಾನವಾಗಿ ಕೂರುತ್ತೇನೆ, ಮಕ್ಕಳ ಗಲಾಟೆ ಇರುವುದಿಲ್ಲ.

ಇಲ್ಲಿ ಸೆಕೆ ತುಂಬಾ. ಮೊನ್ನೆ ಬಾಟಲಿ ಸಾಲಿನ ಮುಂದೆ ನಿಂತಿದ್ದಾಗ ಸ್ವಲ್ಪ ತಲೆ ಸುತ್ತಿತು. ಮೇಲ್ವಿಚಾರಕಿ ಒಂದು ಸ್ಟೂಲ್ ಕೊಟ್ಟಿದ್ದಾರೆ, ಕೂತು ಕೆಲಸ ಮಾಡು ಅಂತ. ಅಷ್ಟು ದೊಡ್ಡ ವಿಷಯವೇನಲ್ಲ.

ನೀವು ಅಲ್ಲೇ ಇದ್ದುಬಿಡುವ ಮಾತು ಓದಿದೆ. ಇಲ್ಲಿ ನಾನು ಹೇಗೋ ನಿಭಾಯಿಸುತ್ತಿದ್ದೇನೆ. ನಿಮಗೆ ಅಲ್ಲಿ ಸುಖ ಅನ್ನಿಸಿದರೆ ಬೇಡ ಅನ್ನಲು ನಾನು ಯಾರು?

ನಿಮ್ಮ ಸೊಸೆ


ಜುಲೈ 31

ಹೇಗೆ ಅಂತ ನಾನು ಕೇಳುವುದಿಲ್ಲ. ನನಗೆ ಗೊತ್ತು.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ನೀನು ಕಣ್ಣು ಮುಚ್ಚಿಕೊಂಡು ಉಪವಾಸ ಮಾಡುತ್ತಿದ್ದೀಯ. ಎಲ್ಲರದ್ದೂ ಆದ ಮೇಲೆ ಕೂರುವುದು, ನಿಧಾನವಾಗಿ, ಗಲಾಟೆ ಇಲ್ಲದೆ. ಆಹಾ. ಈ ಪಾಠದ ಪುಸ್ತಕ ಬರೆದವಳೇ ನಾನು ಕಣೇ. ತಳ ಹಿಡಿದದ್ದನ್ನು ಸೌಟಿನಲ್ಲಿ ಎಬ್ಬಿಸಿ, ಒಂದು ಲೋಟ ನೀರು ಕುಡಿದು, ಚಹಾಕ್ಕೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿಕೊಂಡು ಮಲಗುವುದು. ಹೌದೋ ಅಲ್ಲವೋ?

ಈಗ ಕೇಳು, ಕೂತುಕೊಂಡು ಓದು. ನಿನ್ನ ಕೈ ದೊಡ್ಡದಲ್ಲ. ನೀನು ಒಂದು ಅಗುಳನ್ನೂ ಚೆಲ್ಲಿಲ್ಲ. ಮೂರು ಲೋಟ ಅಕ್ಕಿ ಐದು ಜನರಿಗೇ ಇದ್ದದ್ದು. ನಾನಿದ್ದಾಗಲೂ ಐದು ಜನರಿಗೇ. ಆ ಅಳತೆಯಲ್ಲಿ ನಾನು ಯಾವತ್ತೂ ಇರಲಿಲ್ಲ. ನಾನು ಮನೆ ಬಿಟ್ಟು ಬಂದರೂ ಏನೂ ಉಳಿಯಲಿಲ್ಲ ಯಾಕೆ ಅಂದರೆ, ನಾನು ಅಲ್ಲಿದ್ದಾಗಲೂ ನನಗಾಗಿ ಏನೂ ಬೀಳುತ್ತಿರಲಿಲ್ಲ.

ನಿನ್ನ ಗಂಡ ಗುಂಡನಷ್ಟಿದ್ದಾಗ ನಿನ್ನ ಮಾವನ ಗಡಿಯಾರ ರಿಪೇರಿ ಅಂಗಡಿ ಮುಚ್ಚಿತು. ಒಂದು ತಿಂಗಳ ಮಟ್ಟಿಗೆ ಅಂದುಕೊಂಡು ನನ್ನ ಪಾಲಿನ ಅಕ್ಕಿ ತೆಗೆದೆ. ಎಲ್ಲರೂ ಬಿಟ್ಟದ್ದು, ಮಿಕ್ಕದ್ದು, ಬ್ರೆಡ್ಡಿನ ತುದಿ ಇಷ್ಟರಲ್ಲಿ ಆಗುತ್ತದೆ ಅಂತ ಕಂಡುಕೊಂಡೆ. ಆಮೇಲೆ ಅವರಿಗೆ ಬೇರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಕಷ್ಟ ಕಳೆಯಿತು. ನನ್ನ ಪಾಲನ್ನು ವಾಪಸು ಸೇರಿಸಬೇಕಿತ್ತು, ಸೇರಿಸಲಿಲ್ಲ. ಯಾರೂ ಕೇಳಲಿಲ್ಲ, ನನಗೂ ಅಭ್ಯಾಸವಾಗಿತ್ತು. ಆಮೇಲೆ ನೀನು ಬಂದೆ, ಮಕ್ಕಳು ಬಂದರು, ಬಂದವರಿಗೆಲ್ಲ ಅಕ್ಕಿ ಹೆಚ್ಚಿಸಿದೆ. ಇದನ್ನು ತ್ಯಾಗ ಗೀಗ ಅಂತೆಲ್ಲ ಮಾಡಬೇಡ. ನನಗೆ ಅದರಲ್ಲಿ ಒಂದು ಜಂಬವೂ ಇತ್ತು. ಇಷ್ಟೇ ದುಡ್ಡಿನಲ್ಲಿ ಎಷ್ಟು ಚೆನ್ನಾಗಿ ಮನೆ ತೂಗಿಸುತ್ತಾಳೆ ಅಂತ ನಾಲ್ಕು ಜನ ಅಂದಾಗ ಹೊಟ್ಟೆ ತುಂಬಿದಂತಾಗುತ್ತಿತ್ತು.

ನೀನು ಕೇಳಿದಾಗ ನಿನ್ನ ಕೈ ಮೇಲೆ ತಪ್ಪು ಹೊರಿಸಿದೆ. ನಿಜ ಹೇಳಲು ನಾಚಿಕೆಯಾಯಿತು. ನನ್ನ ಒಂದು ಸುಳ್ಳು ನಿನ್ನನ್ನು ನನ್ನ ಜಾಗದಲ್ಲೇ ಕೂರಿಸಿತು ನೋಡು. ಓದಿದಾಗಿನಿಂದ ಸಂಕಟವಾಗುತ್ತಿದೆ. ನಿನಗೆ ಮೂವತ್ತೆರಡು ವರ್ಷ, ಎಂಟು ಗಂಟೆ ನಿಂತು ಕೆಲಸ ಮಾಡುತ್ತೀಯ.

ಇವತ್ತು ರಾತ್ರಿಯಿಂದ ಮೊದಲ ತಟ್ಟೆ ನಿನ್ನದು. ನೀನು ಬಡಿಸಿಕೊಂಡ ಮೇಲೆ ಉಳಿದವರು. ಶೂ ಮತ್ತೆ ಹರಿದರೆ ಹರಿಯಲಿ.

ಇಲ್ಲಿ ಬಂದು ಎರಡು ತಿಂಗಳು ತಂಗಿಯ ಕಾಟಕ್ಕೆ ಹೊಟ್ಟೆ ತುಂಬ ಉಂಡೆ. ದಾರ ಸುತ್ತಿ ಹಾಕಿಕೊಳ್ಳುತ್ತಿದ್ದ ಉಂಗುರ ಈಗ ದಾರವಿಲ್ಲದೆ ನಿಲ್ಲುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ಅದು ವಯಸ್ಸು ಅಂದುಕೊಂಡಿದ್ದೆ. ಹಸಿವಾಗಿತ್ತು ಅಷ್ಟೇ.

ಈ ಕಾಗದ ಹರಿದುಹಾಕು.

ಅತ್ತೆ


ಆಗಸ್ಟ್ 9

ಅತ್ತೆ,

ಹರಿದುಹಾಕಲಿಲ್ಲ. ಓದಿ ಹೇಳಿದೆ. ಎಲ್ಲರಿಗೂ.

ಬೈಯಿರಿ, ಪರವಾಗಿಲ್ಲ. ಒಬ್ಬಳೇ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಎಂಟು ವರ್ಷ ನಿಮ್ಮ ಎದುರಿಗೆ ಕೂತು, "ಅತ್ತೆ, ಇನ್ನೊಂಚೂರು ಬೇಳೆ ಇದೆಯಾ?" ಅಂತ ಕೇಳಿದವಳು ನಾನು. ಇದೆ ಅಂತ ಹಾಕುತ್ತಿದ್ದಿರಿ. ಅದು ಎಲ್ಲಿಂದ ಬರುತ್ತಿತ್ತು ಅಂತ ಈಗ ಗೊತ್ತಾಗಿ ನನಗೆ ಎರಡು ದಿನ ಅಳು ನಿಲ್ಲಲಿಲ್ಲ. ಸಿಟ್ಟೂ ಬಂತು. ನಿಮ್ಮ ಮೇಲೆ. ನಿಮ್ಮನ್ನು ಉಪವಾಸ ಕೆಡವಿ ಉಣ್ಣುವವರು ನಾವು ಅಂತ ತೀರ್ಮಾನ ಮಾಡಿದ್ದೀರಲ್ಲ, ನಮ್ಮನ್ನೊಂದು ಮಾತು ಕೇಳಿದಿರಾ?

ನಿಮ್ಮ ಮಗ ಕೇಳಿಸಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಮಾವ ತಟ್ಟೆ ಸರಿಸಿದರು. "ಇಷ್ಟು ವರ್ಷ ಒಂದೇ ಮನೇಲಿ ಉಂಡಿದೀನಿ. ಅವಳು ಉಣ್ಣೋದನ್ನ ನೋಡಿದ ನೆನಪೇ ಇಲ್ವಲ್ಲ ನಂಗೆ," ಅಂದರು. ಮರುದಿನ ಅಡಿಗೆಮನೆಗೆ ಬಂದು ಆಲೂಗಡ್ಡೆ ಕೇಳಿ ಇಸಿದುಕೊಂಡರು. ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಸಿಪ್ಪೆ ತೆಗೆಯುತ್ತಾರೆ. ಒಂದು ಆಲೂಗಡ್ಡೆಗೆ ಕಾಲು ಗಂಟೆ. ಸಿಪ್ಪೆಯಾಚೆಗೆ ಪೇಪರ್ ಓದಬಹುದು, ಅಷ್ಟು ತೆಳುವು.

ಈಗ ಹೊಸ ಏರ್ಪಾಡು ಹೇಳುತ್ತೇನೆ. ಆರು ಜನರಿಗೆ, ಅದೇ ದುಡ್ಡಿನಲ್ಲಿ. ವಾರದಲ್ಲಿ ಎರಡು ರಾತ್ರಿ ಅನ್ನವಿಲ್ಲ. ಒಂದು ದಿನ ಮೊಟ್ಟೆ, ಆಲೂಗಡ್ಡೆ. ಇನ್ನೊಂದು ದಿನ ನೆನೆಸಿದ ಕಾಳಿನ ದಪ್ಪ ಗಂಜಿ, ಜೊತೆಗೆ ಹಿಂದಿನ ದಿನದ ಬ್ರೆಡ್ಡು. ಬೇಕರಿಯವನು ಬೆಳಿಗ್ಗೆ ಅರ್ಧ ಬೆಲೆಗೆ ಕೊಡುತ್ತಾನೆ, ಬಿಸಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೇಲಿನ ಮನೆಯ ನರ್ಸಮ್ಮನ ಜೊತೆ ಸೇರಿ ಮೊಟ್ಟೆಯನ್ನು ಇಡೀ ಟ್ರೇ ತರುತ್ತೇವೆ. ನಿಮ್ಮ ಮಗನಿಗೆ ಕೆಲಸವಿಲ್ಲದ ದಿನ ಸಗಟು ಮಾರುಕಟ್ಟೆಗೆ ಹೋಗಿ ಈರುಳ್ಳಿ ಮೂಟೆ ಹೊತ್ತು ತಂದು ನಾಲ್ಕು ಮನೆಗೆ ಹಂಚುತ್ತಾರೆ, ನಮ್ಮ ಪಾಲು ಹೆಚ್ಚುಕಮ್ಮಿ ಪುಕ್ಕಟೆ. ಆ ದಿನಗಳಲ್ಲಿ ಅಡಿಗೆಯೂ ಅವರದ್ದೇ. ಬೇಳೆಗೆ ಒಗ್ಗರಣೆ ಹಾಕುವುದನ್ನು ಲಿಫ್ಟಿನ ಮೋಟಾರ್ ಬಿಚ್ಚುವಷ್ಟು ಗಂಭೀರವಾಗಿ ಮಾಡುತ್ತಾರೆ. ಮಾವ ತಾವಾಗಿಯೇ ಸಂಜೆಯ ಬಿಸ್ಕತ್ತು ಬಿಟ್ಟಿದ್ದಾರೆ. ಗುಂಡನಿಗೆ ಮೊದಲು ಅರ್ಧ, ಕೇಳಿದರೆ ಇನ್ನರ್ಧ. ಅವನು ತಟ್ಟೆಯಲ್ಲಿ ಬಿಡುತ್ತಿದ್ದದ್ದನ್ನು ತಿನ್ನಲು ಈಗ ಯಾರೂ ಇಲ್ಲವಲ್ಲ.

ನೀವು ಬರುವವರೆಗೆ ಆ ಆರನೇ ಪಾಲು ಮರುದಿನ ನನ್ನ ಡಬ್ಬಿಗೆ. ಸ್ಟೂಲ್ ವಾಪಸು ಕೊಟ್ಟಿದ್ದೇನೆ.

ಇನ್ನು ಅಲ್ಲೇ ಉಳಿಯುವ ಮಾತು. ಒಂದು ಬಾಯಿ ಕಮ್ಮಿಯಾದರೆ ನಮಗೆ ಅನುಕೂಲ ಅಂದಿರಿ. ಅತ್ತೆ, ಅದನ್ನು ಇಡೀ ಜೂನ್ ತಿಂಗಳು ಪ್ರಯೋಗ ಮಾಡಿ ನೋಡಿದ್ದಾಯಿತು. ನೀವು ಹೋಗಿದ್ದರಿಂದ ಈ ಮನೆಗೆ ಒಂದು ಕಾಳೂ ಉಳಿಯಲಿಲ್ಲ. ಆದ್ದರಿಂದ ಆ ನೆಪ ನಡೆಯುವುದಿಲ್ಲ. ಬೇರೆ ಕಾರಣ ಇದ್ದರೆ ಬರೆಯಿರಿ.

ನಿಮ್ಮ ಸೊಸೆ


ಆಗಸ್ಟ್ 20

ಸೊಸೆಗೆ,

ಮನೆಯ ಗುಟ್ಟನ್ನು ಮನೆಯವರಿಗೇ ಹೇಳಿಬಿಟ್ಟೆಯಲ್ಲ! ಬೀದಿಯವರಿಗೆ ಹೇಳಿದ್ದರೂ ಇಷ್ಟು ಬೇಸರವಾಗುತ್ತಿರಲಿಲ್ಲ.

ಏರ್ಪಾಡು ಓದಿದೆ. ಈರುಳ್ಳಿಯನ್ನು ಮೂಟೆಯಲ್ಲೇ ಬಿಡಬೇಡ, ಹರಡು, ಇಲ್ಲದಿದ್ದರೆ ಒಂದು ಕೊಳೆತು ಹತ್ತನ್ನು ಕೊಳೆಸುತ್ತದೆ. ಟ್ರೇ ಮೊಟ್ಟೆಯಲ್ಲಿ ಒಡೆದದ್ದನ್ನು ಯಾರ ಪಾಲಿಗೆ ಹಾಕುತ್ತೀರಿ ಅಂತ ಮೊದಲೇ ಮಾತಾಡಿಕೊಳ್ಳಿ, ನರ್ಸಮ್ಮ ಒಳ್ಳೆಯವಳು, ಆದರೂ. ಹಿಂದಿನ ದಿನದ ಬ್ರೆಡ್ಡಿನ ಉಪಾಯ ನನಗೆ ಹೊಳೆದಿರಲಿಲ್ಲ. ಅದೊಂದಕ್ಕೆ ಭೇಷ್.

ಬೇರೆ ಕಾರಣ ಕೇಳಿದ್ದೀಯ. ಬರೆಯುತ್ತೇನೆ. ನನಗೆ ಭಯ. ನಾನು ಬರುತ್ತೇನೆ, ನೀವೆಲ್ಲ ಸುತ್ತ ಕೂರುತ್ತೀರಿ, ನನ್ನ ತಟ್ಟೆಯನ್ನೇ ನೋಡುತ್ತೀರಿ. ನಿನ್ನ ಮಾವ ಕಣ್ಣು ಒರೆಸಿಕೊಳ್ಳುತ್ತಾರೆ. ನನ್ನ ಮಗ ತಲೆ ತಗ್ಗಿಸುತ್ತಾನೆ. ಅಯ್ಯೋ ಪಾಪ ಅಂತ ಬಡಿಸಿದ ತುತ್ತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಕಣೇ. ಇಷ್ಟು ವರ್ಷ ಆ ಅಡಿಗೆಮನೆಯ ಯಜಮಾನಿ ನಾನು. ಈಗ ಒಲೆ ನಿನ್ನದು, ಲೆಕ್ಕ ನಿನ್ನದು, ನಿನ್ನ ಮಾವನ ಆಲೂಗಡ್ಡೆ ಬೇರೆ. ಅಲ್ಲಿ ಬಂದು ನಾನೇನು ಮಾಡಲಿ? ಕೂತು ಉಂಡು ಏಳುವ ಅತಿಥಿಯಾಗಲು ನನಗೆ ಬರುವುದಿಲ್ಲ. ಇಲ್ಲಾದರೆ ಗುಂಡಿ ಹಾಕುತ್ತೇನೆ, ಉಣ್ಣುತ್ತೇನೆ, ಸರಿಗೆ ಸರಿ.

ತಂಗಿಯ ಪ್ಲಾಸ್ಟರ್ ಮೊನ್ನೆ ಬಿಚ್ಚಿದರು. ಕೋಲು ಹಿಡಿದು ನಡೆಯುತ್ತಾಳೆ. ಉತ್ತರ ಕೊಡು ಅಂತ ಅವಳೂ ಕೂತಿದ್ದಾಳೆ.

ಅತ್ತೆ


ಆಗಸ್ಟ್ 31

ಅತ್ತೆ,

ತಿಂಗಳು ಮುಗಿಯಿತು. ಆರು ಜನರ ಅಡಿಗೆಯಾಯಿತು, ದುಡ್ಡು ಸಾಲಿತು. ಏನೂ ಉಳಿಯಲಿಲ್ಲ, ಸಾಲವೂ ಆಗಲಿಲ್ಲ. ಒಡೆದ ಮೊಟ್ಟೆಯ ವಿಷಯದಲ್ಲಿ ನರ್ಸಮ್ಮನ ಜೊತೆ ಸಣ್ಣ ಮಾತು ಬಂತು. ನೀವು ಹೇಳಿದ್ದು ಎರಡು ದಿನ ತಡವಾಗಿ ತಲುಪಿತು.

ಅಯ್ಯೋ ಪಾಪ ಅನ್ನಲು ನಮಗೆಲ್ಲಿ ಪುರುಸೊತ್ತು? ಇಲ್ಲಿಯ ಪರಿಸ್ಥಿತಿ ಕೇಳಿ. ನಿಮ್ಮ ಮಗ ಗಂಜಿಗೆ ಎರಡು ಸಲ ಉಪ್ಪು ಹಾಕಿದರು. ಮಾವನ ಆಲೂಗಡ್ಡೆಗೆ ಕಾದರೆ ಊಟ ನಾಳೆಗೆ. ನನಗೆ ಕಾಳು ಬೆಂದಿದೆಯೋ ಇಲ್ಲವೋ ಅಂತ ಇನ್ನೂ ವಾಸನೆಯಲ್ಲಿ ತಿಳಿಯುವುದಿಲ್ಲ, ನಿಮಗೆ ಹೊರಗಿನ ಕೋಣೆಯಿಂದಲೇ ತಿಳಿಯುತ್ತಿತ್ತು. ನಾವು ನಿಮ್ಮನ್ನು ಅತಿಥಿ ಅಂತ ಕರೆಯುತ್ತಿಲ್ಲ. ಒಲೆ ನಾಲ್ಕು ದಿನ ನನ್ನದು, ಎರಡು ದಿನ ನಿಮ್ಮ ಮಗನದ್ದು, ಒಂದು ದಿನ ನಿಮ್ಮದು. ಹೆಚ್ಚಿಗೆ ಬೇಕಾದರೆ ಜಗಳಾಡಿ ತೆಗೆದುಕೊಳ್ಳಿ. ನನಗೆ ನಿಮ್ಮ ಜೊತೆ ಜಗಳಾಡದೆ ಬೇಜಾರಾಗಿದೆ. ನೀವು ಬೇಕು ಅತ್ತೆ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಮಾವ ದಿನಾ ಅಂಚೆಯವನನ್ನು ನೋಡಲು ಬಾಗಿಲಿಗೆ ಹೋಗುತ್ತಾರೆ. ಕೇಳಿದರೆ, "ಗಾಳಿಗೆ ನಿಂತೆ," ಅಂತಾರೆ.

ಒಂದು ಪ್ರಶ್ನೆಗೆ ಉತ್ತರ ಬೇಕು. ನೀವು ಬಂದ ದಿನ ನಿಮಗಿಷ್ಟವಾದದ್ದನ್ನು ಮಾಡೋಣ ಅಂತ ಮಾವನನ್ನು ಕೇಳಿದೆ. "ಅವಳಿಗೆ ಎಲ್ಲಾ ಇಷ್ಟ," ಅಂದರು. ನಿಮ್ಮ ಮಗನನ್ನು ಕೇಳಿದೆ, ತನಗೆ ಇಷ್ಟವಾದದ್ದನ್ನು ಹೇಳಿದರು. ದೊಡ್ಡವಳು, "ಅಜ್ಜಿ ಚಹಾ ಕುಡೀತಾರೆ," ಅಂದಳು. ನನಗೂ ಗೊತ್ತಿಲ್ಲ. ನಿಮಗೆ ಏನಿಷ್ಟ?

ನಿಮ್ಮ ಸೊಸೆ


ಸೆಪ್ಟೆಂಬರ್ 9

ನನ್ನ ಸೊಸೆಗೆ,

ನಿನ್ನ ಪ್ರಶ್ನೆ ಬಂದು ಮೂರು ದಿನವಾಯಿತು. ಇದಕ್ಕೆ ಇಷ್ಟು ಯೋಚಿಸಬೇಕಾಗುತ್ತದೆ ಅಂದುಕೊಂಡಿರಲಿಲ್ಲ. ಗಂಡನಿಗೆ ಏನಿಷ್ಟ, ಮಗನಿಗೆ ಏನಿಷ್ಟ, ನಿನಗೆ ಬದನೆಕಾಯಿ ಆಗುವುದಿಲ್ಲ, ಗುಂಡನಿಗೆ ಬೇಳೆಯಲ್ಲಿ ಈರುಳ್ಳಿ ಕಾಣಬಾರದು, ಎಲ್ಲ ನಾಲಿಗೆಯ ತುದಿಯಲ್ಲಿದೆ. ನನ್ನದು ಕೇಳಿದರೆ ಏನೂ ತೋಚಲಿಲ್ಲ. ತಂಗಿಯನ್ನು ಕೇಳಿದೆ. "ಚಿಕ್ಕವಳಿದ್ದಾಗ ಹುರಿದ ಆಲೂಗಡ್ಡೆಗೆ ನನ್ನ ಕೈ ಕಚ್ಚಿದ್ದೆ ನೀನು, ಮರೆತ್ಯಾ?" ಅಂದಳು. ಮರೆತಿದ್ದೆ. ಅಂದು ಸಂಜೆ ಹುರಿದು ಕೊಟ್ಟಳು, ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಸೌಟು. ತಿನ್ನುತ್ತಾ ತಿನ್ನುತ್ತಾ ನೆನಪಾಯಿತು. ಅಲ್ಲೇ ಅತ್ತುಬಿಟ್ಟೆ. ಉಪ್ಪು ಜಾಸ್ತಿಯಾಯಿತಾ ಅಂತ ಕೇಳಿದಳು.

ಅವಳಿಗೆ ಉತ್ತರ ಕೊಟ್ಟೆ. ಬೈದಳು, ಆಮೇಲೆ ನನ್ನ ಬಟ್ಟೆಗಳ ಹೊಲಿಗೆಯನ್ನೆಲ್ಲ ಎರಡೆರಡು ಬೆರಳು ಸಡಿಲ ಮಾಡಿಕೊಟ್ಟಳು. ಕಾಲು ಪೂರ್ತಿ ಸರಿಹೋದ ಮೇಲೆ ಬಂದು ಒಂದು ವಾರ ಇರುತ್ತಾಳಂತೆ. ಆ ವಾರದ ಅಳತೆ ಏಳು.

ಭಾನುವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಒಲೆ ಒಂದು ದಿನ ನನ್ನದು ಅಂದಿದ್ದೀಯ, ಮೂರು ದಿನಕ್ಕೆ ಕಮ್ಮಿ ನಾನು ಒಪ್ಪುವುದಿಲ್ಲ, ಬಂದು ಮಾತಾಡುತ್ತೇನೆ.

ಆಲೂಗಡ್ಡೆ ಹುರಿದಿಡಿ. ಅಂಚು ಗರಿಗರಿಯಾಗಿರಲಿ. ನಿನ್ನ ಮಾವ ಶನಿವಾರದಿಂದಲೇ ಸಿಪ್ಪೆ ತೆಗೆಯಲು ಶುರು ಮಾಡಲಿ. ಎಲ್ಲರ ಜೊತೆ ಕೂರುತ್ತೇನೆ. ಒಂದು ಸಲ ಬಡಿಸಿದ್ದು ನನಗೆ ಸಾಲುವುದಿಲ್ಲ, ಈಗಲೇ ಹೇಳಿರುತ್ತೇನೆ. ಎರಡನೇ ಸಲ ಬಡಿಸಲು ಬಂದಾಗ ಮಾತ್ರ ಸಾಕಾ ಅಂತ ನನ್ನನ್ನು ಕೇಳಬೇಡ. ಅಭ್ಯಾಸ ನೋಡು, ಸಾಕು ಅಂದುಬಿಡುತ್ತೇನೆ. ಕೇಳದೆ ಹಾಕು.

ಅತ್ತೆ